ದೂರವಾಣಿ ಪುಸ್ತಕಕ್ಕೆ ಬಂದ ಬೀಗ: ಎಲ್‌ಡ್ಯಾಪ್ ಡೈರೆಕ್ಟರಿ ಮತ್ತು ಪಾಸ್‌ವರ್ಡ್ ನೀತಿಯ ಇತಿಹಾಸ

ಎಲ್‌ಡ್ಯಾಪ್ ಎಂಬುದು ಕಂಪ್ಯೂಟರ್ ಜಾಲದಲ್ಲಿ ಡೈರೆಕ್ಟರಿಯೊಂದನ್ನು ಹುಡುಕುವ, ಓದುವ, ತಿದ್ದುವ ಬಗೆಯನ್ನು ಗೊತ್ತುಪಡಿಸುವ ಪ್ರೋಟೋಕಾಲ್. ದೊಡ್ಡ ಕಚೇರಿಯ ನೌಕರರು ಇಮೇಲ್‌ಗೂ ವಿಪಿಎನ್‌ಗೂ ವೈಫೈಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು ಒಳಹೋಗುತ್ತಾರೆಂದರೆ ಅದರ ಹಿಂದೆ ಬಹುಮಟ್ಟಿಗೆ ಇಂಥದೊಂದು ಡೈರೆಕ್ಟರಿ ಸರ್ವರ್ ಇರುತ್ತದೆ. ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು, ಎಷ್ಟು ದಿನಕ್ಕೊಮ್ಮೆ ಬದಲಾಗಬೇಕು, ಎಷ್ಟು ಸಲ ತಪ್ಪಿದರೆ ಖಾತೆ ಲಾಕ್ ಆಗಬೇಕು ಎಂಬುದನ್ನೆಲ್ಲ ನಡೆಸುವುದೂ ಅದೇ. ಆದರೆ ಎಲ್‌ಡ್ಯಾಪ್ ಹುಟ್ಟಿದ್ದು ಪಾಸ್‌ವರ್ಡ್ ಕಾಯುವುದಕ್ಕಲ್ಲ. ಜನರ ಹೆಸರು, ಫೋನ್ ನಂಬರು, ಇಮೇಲ್ ವಿಳಾಸ ಹುಡುಕಿಕೊಡುವುದಕ್ಕೆ. ಕಾವಲಿನ ಕೆಲಸ ಆಮೇಲೆ, ತುಂಡುತುಂಡಾಗಿ, ಬೇರೆ ಬೇರೆ ಕೈಗಳಿಂದ ಬಂದು ಸೇರಿಕೊಂಡಿತು. ಇಂದು ಡೈರೆಕ್ಟರಿ ಅಡ್ಮಿನ್‌ಗಳು ಎದುರಿಸುವ ತೊಡಕುಗಳಲ್ಲಿ ಬಹಳಷ್ಟಕ್ಕೆ ಬೇರು ಇರುವುದು ಈ ಇತಿಹಾಸದಲ್ಲಿ.

ಕಥೆ ಶುರುವಾಗುವುದು ಎಕ್ಸ್.500ರಿಂದ. ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆಯಾದ ಸಿಸಿಐಟಿಟಿ 1988ರಲ್ಲಿ ಈ ಮಾನಕಗಳ ಸರಣಿಯನ್ನು ಅಂಗೀಕರಿಸಿತು. ಜಗತ್ತಿಗೆಲ್ಲ ಒಂದೇ ಡೈರೆಕ್ಟರಿ ಇರಬೇಕು ಎಂಬುದು ಅದರ ಆಸೆ. ಮರದ ಬೇರಿನಲ್ಲಿ ದೇಶ, ಅದರ ಕೆಳಗೆ ಸಂಸ್ಥೆ, ಸಂಸ್ಥೆಯ ಕೆಳಗೆ ವಿಭಾಗ, ತುದಿಯಲ್ಲಿ ವ್ಯಕ್ತಿ. ಈ ದಾರಿಯನ್ನು ತುದಿಯಿಂದ ಬೇರಿನವರೆಗೆ ಓದಿದರೆ ಆ ವ್ಯಕ್ತಿಯ ಪೂರ್ಣ ಹೆಸರು, ಅಂದರೆ ಡಿಎನ್, ಸಿಗುತ್ತದೆ. ಈ ಡೈರೆಕ್ಟರಿಯೊಡನೆ ಮಾತನಾಡಲು ಇದ್ದ ಪ್ರೋಟೋಕಾಲ್ ಡ್ಯಾಪ್. ಅದು ಏಳು ಪದರಗಳ ಓಎಸ್‌ಐ ವ್ಯವಸ್ಥೆಯ ಮೇಲೆ ಕೂತಿತ್ತು. ಅಂದಿನ ಮ್ಯಾಕ್ ಮತ್ತು ಡಾಸ್ ಕಂಪ್ಯೂಟರ್‌ಗಳಿಗೆ ಆ ಭಾರ ಹೊರುವ ಶಕ್ತಿ ಇರಲಿಲ್ಲ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ಅಡ್ಡದಾರಿ ಕಂಡುಕೊಂಡರು. ಟಿಮ್ ಹೋವ್ಸ್ ಮತ್ತು ಸಂಗಡಿಗರು ಮೊದಲು ಡಿಕ್ಸಿ ಎಂಬ ಸರಳ ಪ್ರೋಟೋಕಾಲ್ ರೂಪಿಸಿ 1991ರಲ್ಲಿ ಆರ್‌ಎಫ್‌ಸಿ ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 1249 ಆಗಿ ಪ್ರಕಟಿಸಿದರು. ಚಿಕ್ಕ ಕಂಪ್ಯೂಟರ್ ಟಿಸಿಪಿ-ಐಪಿ ಮೂಲಕ ನಡುವಿನ ಸರ್ವರ್‌ಗೆ ಕೇಳುವುದು, ಆ ಸರ್ವರ್ ಹಿಂದಿನ ಎಕ್ಸ್.500ಕ್ಕೆ ಡ್ಯಾಪ್‌ನಲ್ಲಿ ಕೇಳಿ ಉತ್ತರ ತಂದುಕೊಡುವುದು: ಇಷ್ಟೇ ಅದರ ಉಪಾಯ. ಇದೇ ವಿಚಾರವನ್ನು ಹದಗೊಳಿಸಿ ವೆಂಗ್‌ಯಿಕ್ ಯೋಂಗ್, ಟಿಮ್ ಹೋವ್ಸ್, ಸ್ಟೀವ್ ಕಿಲ್ ಮೂವರು ಸೇರಿ 1993ರ ಜುಲೈನಲ್ಲಿ ಆರ್‌ಎಫ್‌ಸಿ 1487 ಬರೆದರು. ಹಗುರವಾದ ಡ್ಯಾಪ್ ಎಂಬ ಅರ್ಥದಲ್ಲಿ ಅದು ಎಲ್‌ಡ್ಯಾಪ್ ಎನಿಸಿಕೊಂಡಿತು. ಎರಡನೇ ಆವೃತ್ತಿ 1995ರಲ್ಲಿ ಬಂತು. ಅದೇ ಹೊತ್ತಿಗೆ ಮಿಶಿಗನ್ ತಂಡ ಎಕ್ಸ್.500 ಹಂಗೇ ಇಲ್ಲದೆ ಸ್ವತಂತ್ರವಾಗಿ ನಡೆಯುವ ಸ್ಲ್ಯಾಪ್‌ಡಿ ಎಂಬ ಸರ್ವರ್ ಬರೆದು ಮುಗಿಸಿತ್ತು. 1996ರಲ್ಲಿ ಹೋವ್ಸ್ ನೆಟ್‌ಸ್ಕೇಪ್ ಸೇರಿದರು. ನೆಟ್‌ಸ್ಕೇಪ್ ಡೈರೆಕ್ಟರಿ ಸರ್ವರ್ ಅದೇ ವರ್ಷ ಮಾರುಕಟ್ಟೆಗೆ ಬಂತು.

ಇಲ್ಲಿಯವರೆಗಿನ ಚರಿತ್ರೆಯಲ್ಲಿ ಪಾಸ್‌ವರ್ಡ್ ಒಂದು ಬದಿಯ ವಿಷಯ. ಡೈರೆಕ್ಟರಿಗೆ ತನ್ನ ಗುರುತು ಹೇಳಿಕೊಳ್ಳುವ ಬೈಂಡ್ ಎಂಬ ಕ್ರಿಯೆ ಇತ್ತು. ಡಿಎನ್ ಮತ್ತು ಪಾಸ್‌ವರ್ಡ್ ಕಳಿಸಿದರೆ ಸರ್ವರ್ ಅದನ್ನು ನಮೂದಿನಲ್ಲಿರುವ ಯೂಸರ್‌ಪಾಸ್‌ವರ್ಡ್ ಎಂಬ ಅಟ್ರಿಬ್ಯೂಟ್‌ಗೆ ಹೋಲಿಸಿ ನೋಡುತ್ತಿತ್ತು. ಎಕ್ಸ್.500 ಕಾಲದ ವ್ಯಾಖ್ಯೆಯಲ್ಲಿ ಆ ಅಟ್ರಿಬ್ಯೂಟ್ ಬರಿಯ ಬೈಟ್‌ಗಳ ಸಾಲು. ಅದರ ವಯಸ್ಸೆಷ್ಟು, ಕೊನೆಗೆ ಬದಲಾದದ್ದು ಯಾವಾಗ, ಎಷ್ಟು ಸಲ ತಪ್ಪಾಗಿ ಒತ್ತಲಾಗಿದೆ ಎಂಬ ಯಾವ ಲೆಕ್ಕವೂ ಅದರ ಜತೆಗಿರಲಿಲ್ಲ.

ಪಾಸ್‌ವರ್ಡ್‌ಗೆ ನಿಯಮ ಬೇಕೆಂಬ ಅರಿವು ಮಾತ್ರ ಎಲ್‌ಡ್ಯಾಪ್‌ಗಿಂತ ಹಳೆಯದು. ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕಾರ್ಬಟೊ ತಂಡ ಕಟ್ಟಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರರಿಗೂ ಪಾಸ್‌ವರ್ಡ್ ಇತ್ತು, ಎಲ್ಲವೂ ಒಂದೇ ಫೈಲಿನಲ್ಲಿ ಇದ್ದ ಹಾಗೆಯೇ ಬರೆದಿಟ್ಟಿತ್ತು. ಅದೇ ದಶಕದಲ್ಲಿ ಒಮ್ಮೆ ಆ ಫೈಲು ದಿನದ ಸೂಚನೆಯ ಫೈಲಿನೊಡನೆ ಅದಲುಬದಲಾಗಿ, ಲಾಗಿನ್ ಆದವರೆಲ್ಲರ ಮುಂದೆ ಎಲ್ಲರ ಪಾಸ್‌ವರ್ಡ್‌ಗಳೂ ಅಚ್ಚಾದವು. ಯೂನಿಕ್ಸ್ ಬರೆದವರು ಈ ಪಾಠ ಕಲಿತು ಪಾಸ್‌ವರ್ಡ್ ಬದಲು ಅದರ ಹ್ಯಾಷ್, ಅಂದರೆ ಮರಳಿ ಬಿಡಿಸಲಾಗದ ಸಂಕೇತರೂಪ, ಇಡತೊಡಗಿದರು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಮೂಲಗ್ರಂಥವಿದ್ದಂತೆ. ಅವರು ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ 15 ಒಂದೇ ಅಕ್ಷರದವು, 72 ಎರಡಕ್ಷರದವು, 464 ಮೂರಕ್ಷರದವು. ಒಟ್ಟಾರೆ ನೂರಕ್ಕೆ 86ರಷ್ಟು ಸುಲಭವಾಗಿ ಊಹಿಸಬಹುದಾದವು. ಹ್ಯಾಷ್‌ಗೆ ಸಾಲ್ಟ್ ಎಂಬ ಯಾದೃಚ್ಛಿಕ ಅಂಶ ಬೆರೆಸುವ ಪದ್ಧತಿಯನ್ನು ಅವರು ವಿವರಿಸಿದ್ದು ಅಲ್ಲೇ. ಕನಿಷ್ಠ ಉದ್ದ ಇಂತಿಷ್ಟಿರಬೇಕು ಎಂದು ವ್ಯವಸ್ಥೆಯೇ ಒತ್ತಾಯಿಸಬೇಕು ಎಂಬ ಇಂದಿನ ನಿಯಮಕ್ಕೆ ಆ ಅಂಕಿಗಳಿಗಿಂತ ಗಟ್ಟಿಯಾದ ಸಮರ್ಥನೆ ಬೇಕಿಲ್ಲ.

ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಹಸಿರು ಹೊದಿಕೆಯ ಒಂದು ಮಾರ್ಗಸೂಚಿ ಹೊರಡಿಸಿತು. ಪಾಸ್‌ವರ್ಡ್‌ನ ಆಯುಷ್ಯಕ್ಕೂ ಅದನ್ನು ಊಹಿಸಬಲ್ಲ ವೇಗಕ್ಕೂ ಅದು ಗಣಿತದ ಸಂಬಂಧ ಕಟ್ಟಿತು: ದಾಳಿಕೋರ ನಿಮಿಷಕ್ಕೆ ಇಷ್ಟು ಸಲ ಪ್ರಯತ್ನಿಸಬಲ್ಲ ಎಂದಾದರೆ, ಇಷ್ಟು ಉದ್ದದ ಪಾಸ್‌ವರ್ಡ್ ಇಷ್ಟು ದಿನ ಬಾಳಬಹುದು. ಆ ಪುಸ್ತಿಕೆ ಕೊಟ್ಟ ಗರಿಷ್ಠ ಅವಧಿ ಒಂದು ವರ್ಷ. ಅದು ಯಂತ್ರವೇ ಆರಿಸಿಕೊಡುವ ಪಾಸ್‌ವರ್ಡ್‌ಗಳಿಗೆ ಹೇಳಿದ ಲೆಕ್ಕ ಎಂಬುದನ್ನು ಮುಂದಿನವರು ಮರೆತರು. ಮನುಷ್ಯರು ಆರಿಸಿದ ಪಾಸ್‌ವರ್ಡ್‌ಗೂ ಅದನ್ನೇ, ಇನ್ನಷ್ಟು ಬಿಗಿಗೊಳಿಸಿ, 90 ದಿನ, 60 ದಿನ, 42 ದಿನ ಎಂದು ಅನ್ವಯಿಸಿದರು.

ಡೈರೆಕ್ಟರಿಗೆ ಪಾಸ್‌ವರ್ಡ್ ಕಾಯುವ ಕೆಲಸ ಬರಹರೂಪದಲ್ಲಿ ಬಂದದ್ದು 1998ರಲ್ಲಿ. ಅದಕ್ಕೆ ಮೊದಲು ಯೂನಿಕ್ಸ್ ಜಾಲಗಳಲ್ಲಿ ಸನ್ ಕಂಪನಿಯ ಎನ್‌ಐಎಸ್ ಚಾಲ್ತಿಯಲ್ಲಿತ್ತು. ಜಾಲದಲ್ಲಿದ್ದ ಯಾರೇ ಒಂದು ಸಣ್ಣ ಕಮಾಂಡ್ ಕೊಟ್ಟರೂ ಎಲ್ಲರ ಹ್ಯಾಷ್ ಪಟ್ಟಿ ಅವರ ಕೈಗೆ ಬರುತ್ತಿತ್ತು. ಆಸ್ಟ್ರೇಲಿಯದ ಲ್ಯೂಕ್ ಹೋವರ್ಡ್ ಆ ಮಾಹಿತಿಯನ್ನೆಲ್ಲ ಎಲ್‌ಡ್ಯಾಪ್ ಮರದೊಳಗೆ ಕೂರಿಸುವ ಬಗೆಯನ್ನು ಆರ್‌ಎಫ್‌ಸಿ 2307ರಲ್ಲಿ ಬರೆದರು. ಯೂಸರ್‌ಪಾಸ್‌ವರ್ಡ್‌ನಲ್ಲಿ ಪುಷ್ಪಾವರಣದೊಳಗೆ ಹ್ಯಾಷ್ ವಿಧಾನದ ಹೆಸರು, ಅದರ ಮುಂದೆ ಹ್ಯಾಷ್ ಇಡುವ ರೂಢಿಯನ್ನು ಆ ಬರಹ ದಾಖಲಿಸಿತು. ಅದರ ಜತೆಗೇ ಶ್ಯಾಡೋ ಎಂಬ ಇನ್ನೊಂದು ಗುಂಪಿನ ಅಟ್ರಿಬ್ಯೂಟ್‌ಗಳೂ ಬಂದವು: ಪಾಸ್‌ವರ್ಡ್ ಕೊನೆಗೆ ಬದಲಾದದ್ದು 1970ರ ಜನವರಿ 1ರಿಂದ ಎಷ್ಟನೇ ದಿನ, ಗರಿಷ್ಠ ಎಷ್ಟು ದಿನ ಬಾಳಬಹುದು ಇತ್ಯಾದಿ. ಈ ಅಂಕಿಗಳನ್ನು ಓದಿ ಜಾರಿಗೆ ತರಬೇಕಾದದ್ದು ಬಳಕೆದಾರರು ಲಾಗಿನ್ ಆಗುವ ಕಂಪ್ಯೂಟರ್, ಡೈರೆಕ್ಟರಿ ಸರ್ವರ್ ಅಲ್ಲ. ಈ ಮಾತು ಮುಂದೆ ಬಹಳ ಮುಖ್ಯವಾಗುತ್ತದೆ.

ಎಲ್‌ಡ್ಯಾಪ್‌ನ ಮೂರನೇ ಆವೃತ್ತಿ 1997ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 2251 ಆಗಿ ಬಂದಾಗ ಅದರ ಮೊದಲ ಪುಟಗಳಲ್ಲೇ ಅಪರೂಪದ ಒಂದು ಎಚ್ಚರಿಕೆ ಅಚ್ಚಾಗಿತ್ತು. ಎಲ್ಲರೂ ಕಡ್ಡಾಯವಾಗಿ ಪಾಲಿಸಬೇಕಾದ ಸುರಕ್ಷಿತ ದೃಢೀಕರಣ ವಿಧಾನ ಇನ್ನೂ ತೀರ್ಮಾನವಾಗಿಲ್ಲ; ಅದಾಗುವವರೆಗೆ ಡೈರೆಕ್ಟರಿಯನ್ನು ತಿದ್ದುವ ಸೌಲಭ್ಯವಿರುವ ಸಾಫ್ಟ್‌ವೇರ್ ಬಳಕೆಗೆ ಬಿಡುವುದು ಸೂಕ್ತವಲ್ಲ ಎಂದು ಇಂಟರ್‌ನೆಟ್ ಮಾನಕಗಳ ಮೇಲ್ವಿಚಾರಣಾ ಮಂಡಳಿಯೇ ಬರೆದಿತ್ತು. ಆ ಕೊರತೆ ತುಂಬಿದ್ದು 2000ದ ಮೇನಲ್ಲಿ, ಆರ್‌ಎಫ್‌ಸಿ 2829 ಮತ್ತು 2830 ಬಂದ ಮೇಲೆ. ಎರಡನೆಯದು ಸ್ಟಾರ್ಟ್‌ಟಿಎಲ್‌ಎಸ್ ವಿಧಾನವನ್ನು ಕೊಟ್ಟಿತು: 389ನೇ ಪೋರ್ಟಿನಲ್ಲೇ ಸಂಪರ್ಕ ಶುರುಮಾಡಿ, ಪಾಸ್‌ವರ್ಡ್ ಕಳಿಸುವ ಮೊದಲು ಅದನ್ನು ಗೂಢಲಿಪಿಗೆ ತಿರುಗಿಸುವುದು. ಸುರಕ್ಷಿತ ಎಲ್‌ಡ್ಯಾಪ್‌ಗೆ 636ನೇ ಪೋರ್ಟನ್ನು ಪ್ರತ್ಯೇಕವಾಗಿ ಇಡುವ ಹಳೆಯ ರೂಢಿಯೂ ಉಳಿಯಿತು. ಎರಡೂ ಇರುವುದರಿಂದ ಯಾವ ಅಪ್ಲಿಕೇಶನ್ ಯಾವುದನ್ನು ಬಳಸುತ್ತಿದೆ, ಯಾವುದು ಎರಡನ್ನೂ ಬಳಸದೆ ಪಾಸ್‌ವರ್ಡನ್ನು ಬಯಲಲ್ಲೇ ಕಳಿಸುತ್ತಿದೆ ಎಂದು ಪತ್ತೆಮಾಡುವುದು ಅಡ್ಮಿನ್‌ನ ಖಾಯಂ ಕೆಲಸಗಳಲ್ಲಿ ಒಂದಾಯಿತು.

ದೂರವಾಣಿ ಪುಸ್ತಕದ ಹುಟ್ಟುಗುಣ ಎಷ್ಟು ಆಳದಲ್ಲಿದೆ ಎಂಬುದಕ್ಕೆ ಖಾಲಿ ಪಾಸ್‌ವರ್ಡ್ ಪ್ರಸಂಗಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಡಿಎನ್ ಕೊಟ್ಟು ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟು ಬೈಂಡ್ ಮಾಡಿದರೆ, ಮೂಲ ಪ್ರೋಟೋಕಾಲ್ ಪ್ರಕಾರ ಅದು ಅನಾಮಧೇಯ ಬೈಂಡ್. ಪುಸ್ತಕ ತಿರುವಿಹಾಕಲು ಬಂದವರನ್ನು ನೀವು ಯಾರೆಂದು ಕೇಳಬೇಕಿಲ್ಲವಲ್ಲ. ಸರ್ವರ್ ಯಶಸ್ಸಿನ ಸಂಕೇತವಾದ ಸೊನ್ನೆಯನ್ನೇ ಉತ್ತರವಾಗಿ ಕೊಡುತ್ತದೆ. ಆದರೆ ಲಾಗಿನ್ ಪುಟವೊಂದು ಬೈಂಡ್ ಯಶಸ್ವಿಯಾಯಿತೇ ಎಂಬುದನ್ನಷ್ಟೇ ನೋಡಿ ಬಾಗಿಲು ತೆರೆಯುವ ಹಾಗೆ ಬರೆಯಲ್ಪಟ್ಟಿದ್ದರೆ, ಯಾರದೇ ಹೆಸರು ಕೊಟ್ಟು ಪಾಸ್‌ವರ್ಡ್ ಕೊಡದೆಯೇ ಒಳಬರಬಹುದು. ಎಷ್ಟೋ ಅಪ್ಲಿಕೇಶನ್‌ಗಳು ಹೀಗೇ ಬಿರುಕು ಬಿಟ್ಟುಕೊಂಡಿದ್ದವು. 2006ರ ಜೂನ್‌ನಲ್ಲಿ ಎಲ್‌ಡ್ಯಾಪ್ ಮಾನಕಗಳನ್ನೆಲ್ಲ ಪರಿಷ್ಕರಿಸಿದಾಗ ಆರ್‌ಎಫ್‌ಸಿ 4513 ಈ ಅಪಾಯವನ್ನು ಹೆಸರಿಸಿ ಬರೆಯಿತು. ಇಂಥ ಬೈಂಡನ್ನು ಸರ್ವರ್ ತಾನಾಗಿಯೇ 53ನೇ ಸಂಕೇತ ಕೊಟ್ಟು ನಿರಾಕರಿಸಬೇಕು, ಕ್ಲೈಂಟ್ ಖಾಲಿ ಪಾಸ್‌ವರ್ಡನ್ನು ಸ್ವೀಕರಿಸಲೇಬಾರದು ಎಂದಿತು. ಮಿಶಿಗನ್ ಸ್ಲ್ಯಾಪ್‌ಡಿಯ ಮುಂದುವರಿಕೆಯಾದ ಓಪನ್‌ಎಲ್‌ಡ್ಯಾಪ್ ಇದನ್ನು ಪಾಲಿಸುತ್ತದೆ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಇದನ್ನು ತಡೆಯುವ ಆಯ್ಕೆ ಸಿಕ್ಕಿದ್ದು ವಿಂಡೋಸ್ ಸರ್ವರ್ 2019ರಲ್ಲಿ.

ಪಾಸ್‌ವರ್ಡ್ ನೀತಿಯನ್ನು ಡೈರೆಕ್ಟರಿಯೊಳಗೇ ಇಡುವ ಕೆಲಸ ಮೊದಲು ನಡೆದದ್ದು ನೆಟ್‌ಸ್ಕೇಪ್‌ನಲ್ಲಿ. ಬೈಂಡ್‌ಗೆ ಉತ್ತರ ಕೊಡುವಾಗ ಪಾಸ್‌ವರ್ಡ್ ಅವಧಿ ಮುಗಿದಿದೆ, ಅಥವಾ ಇಷ್ಟು ಸೆಕೆಂಡಿನಲ್ಲಿ ಮುಗಿಯಲಿದೆ ಎಂದು ತಿಳಿಸುವ ಎರಡು ಕಂಟ್ರೋಲ್‌ಗಳನ್ನು, ಅಂದರೆ ಉತ್ತರದ ಜತೆ ಹೋಗುವ ಹೆಚ್ಚುವರಿ ಟಿಪ್ಪಣಿಗಳನ್ನು, ಅದು ಬಳಕೆಗೆ ತಂದಿತು. 1990ರ ದಶಕದ ಕೊನೆಯಲ್ಲಿ ನೆಟ್‌ಸ್ಕೇಪ್‌ನ ಪ್ರಶಾಂತ ಬೆಹೆರಾ ಮತ್ತು ವ್ಯಾಲರಿ ಚು, ಸನ್‌ನ ಲುಡೊವಿಕ್ ಪೊಯಿಟೂ ಮೊದಲಾದವರು ಎಲ್ಲ ಸರ್ವರ್‌ಗಳಿಗೂ ಸಮಾನವಾದ ನೀತಿಯೊಂದರ ಕರಡು ಸಿದ್ಧಪಡಿಸತೊಡಗಿದರು. ಆಮೇಲೆ ನೋವೆಲ್‌ನ ಜಿಮ್ ಸರ್ಮರ್‌ಶೈಮ್ ಜತೆಗೂಡಿದರು. ಬೆಹೆರಾ ಕರಡು ಎಂದೇ ಅದು ಹೆಸರಾಗಿದೆ.

ಆ ಕರಡಿನ ಯೋಚನೆ ನಿಜಕ್ಕೂ ಅಚ್ಚುಕಟ್ಟು. ನೀತಿಯೂ ಡೈರೆಕ್ಟರಿಯ ಒಂದು ನಮೂದು. ಕನಿಷ್ಠ ಉದ್ದ, ಗರಿಷ್ಠ ವಯಸ್ಸು, ಹಳೆಯ ಎಷ್ಟು ಪಾಸ್‌ವರ್ಡ್‌ಗಳನ್ನು ಮತ್ತೆ ಬಳಸಬಾರದು, ಎಷ್ಟು ತಪ್ಪಿಗೆ ಲಾಕ್, ಲಾಕ್ ಎಷ್ಟು ಹೊತ್ತು ಎಂಬ ಅಂಕಿಗಳು ಅದರಲ್ಲಿ ಇರುತ್ತವೆ. ಪ್ರತಿ ಬಳಕೆದಾರರ ನಮೂದಿನಲ್ಲಿ ಸರ್ವರ್ ತಾನೇ ಬರೆದುಕೊಳ್ಳುವ ಗುಪ್ತ ದಾಖಲೆ ಇರುತ್ತದೆ: ಪಾಸ್‌ವರ್ಡ್ ಬದಲಾದ ಸಮಯ, ತಪ್ಪು ಪ್ರಯತ್ನಗಳ ಸಮಯ, ಲಾಕ್ ಆದ ಸಮಯ, ಹಳೆಯ ಹ್ಯಾಷ್‌ಗಳು. ಕ್ಲೈಂಟ್ ಕೇಳಿದರೆ ಬೈಂಡ್ ಯಾಕೆ ಸೋತಿತು ಎಂಬ ವಿವರವನ್ನು ಒಂದು ಕಂಟ್ರೋಲ್ ಮೂಲಕ ಹೇಳುವ ವ್ಯವಸ್ಥೆಯೂ ಇತ್ತು. ಇಷ್ಟೆಲ್ಲ ಇದ್ದೂ ಈ ಕರಡು ಎಂದೂ ಆರ್‌ಎಫ್‌ಸಿ ಆಗಲಿಲ್ಲ. ಹತ್ತನೇ ಆವೃತ್ತಿ 2009ರಲ್ಲಿ ಬಂತು, ಆಮೇಲೆ ಕೆಲಸ ವರ್ಷಗಟ್ಟಲೆ ನಿಂತಿತು. ಜಗತ್ತಿನ ಲಕ್ಷಾಂತರ ಖಾತೆಗಳ ಬೀಗದ ನಿಯಮ ಹೀಗೆ ಅವಧಿ ಮುಗಿದ ಕರಡಿನ ಮೇಲೆ ನಿಂತಿದೆ ಎಂಬುದು ಸಣ್ಣ ಸಂಗತಿಯಲ್ಲ. ಮಾನಕವಾಗದ ಕಾರಣ ಪ್ರತಿ ಸರ್ವರ್ ತಯಾರಕರೂ ತಮಗೆ ಬೇಕಾದ ಆವೃತ್ತಿಯಿಂದ ಬೇಕಾದಷ್ಟನ್ನು ತೆಗೆದುಕೊಂಡರು.

ನೆಟ್‌ಸ್ಕೇಪ್‌ನ ಸರ್ವರ್ ಕವಲೊಡೆಯಿತು. 1999ರಲ್ಲಿ ಎಒಎಲ್ ನೆಟ್‌ಸ್ಕೇಪನ್ನು ಕೊಂಡ ಮೇಲೆ ಸನ್ ಜತೆ ಐಪ್ಲಾನೆಟ್ ಹೆಸರಿನಲ್ಲಿ ಕೂಡುಕೆಲಸ ನಡೆದು, ಅದು ಮುಗಿದಾಗ ಒಂದು ಕವಲು ಸನ್‌ನ ಬಳಿ ಉಳಿಯಿತು. ಇನ್ನೊಂದನ್ನು ರೆಡ್‌ಹ್ಯಾಟ್ 2004ರಲ್ಲಿ ಕೊಂಡು 2005ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. 2009ರಿಂದ ಅದಕ್ಕೆ 389 ಡೈರೆಕ್ಟರಿ ಸರ್ವರ್ ಎಂದು, ಪೋರ್ಟ್ ಸಂಖ್ಯೆಯದೇ ಹೆಸರು. ಮಿಶಿಗನ್‌ನ ಮೂಲ ಸ್ಲ್ಯಾಪ್‌ಡಿಯನ್ನು 1998ರಲ್ಲಿ ಕರ್ಟ್ ಜೈಲೆಂಗಾ ಓಪನ್‌ಎಲ್‌ಡ್ಯಾಪ್ ಆಗಿ ಮುಂದುವರಿಸಿದರು. ಪಾಸ್‌ವರ್ಡ್ ನೀತಿ ಅಲ್ಲಿಗೆ ಬಂದದ್ದು 2005ರ 2.3 ಆವೃತ್ತಿಯಲ್ಲಿ, ಪಿಪಾಲಿಸಿ ಎಂಬ ಹೆಚ್ಚುವರಿ ಪದರವಾಗಿ. ಅಲ್ಲಿಯವರೆಗೆ ಜಗತ್ತಿನ ಬಹುಬಳಕೆಯ ಈ ಮುಕ್ತ ಡೈರೆಕ್ಟರಿಯಲ್ಲಿ ಲಾಕ್ ಎಂಬುದೇ ಇರಲಿಲ್ಲ. ಮೈಕ್ರೋಸಾಫ್ಟ್ 2000ದಲ್ಲಿ ತಂದ ಆಕ್ಟಿವ್ ಡೈರೆಕ್ಟರಿ ಬೆಹೆರಾ ಕರಡಿನ ದಾರಿ ಹಿಡಿಯದೆ ತನ್ನದೇ ಪದ್ಧತಿ ಇಟ್ಟುಕೊಂಡಿತು. ಅದರಲ್ಲಿ ಒಂದು ಡೊಮೇನ್‌ಗೆ ಒಂದೇ ಪಾಸ್‌ವರ್ಡ್ ನೀತಿ. ಅಡ್ಮಿನ್‌ಗಳಿಗೆ ಬಿಗಿಯಾದ, ಉಳಿದವರಿಗೆ ಸಡಿಲವಾದ ನಿಯಮ ಬೇಕೆಂದರೆ ಅದಕ್ಕಾಗಿಯೇ ಬೇರೆ ಡೊಮೇನ್ ಕಟ್ಟಬೇಕಿತ್ತು. ಈ ಬಿಗಿ ಸಡಿಲವಾದದ್ದು ವಿಂಡೋಸ್ ಸರ್ವರ್ 2008ರಲ್ಲಿ.

ಇನ್ನು ತೊಡಕುಗಳ ವಿಷಯ. ಡೈರೆಕ್ಟರಿ ಅಡ್ಮಿನ್‌ಗಳಿಗೆ ಅತಿ ಪರಿಚಿತವಾದ ಸಂಕೇತ 49, ಅಂದರೆ ಗುರುತು ಹೊಂದುತ್ತಿಲ್ಲ. ಸಾಮಾನ್ಯವಾಗಿ ಪಾಸ್‌ವರ್ಡ್ ತಪ್ಪಿದರೂ 49, ಖಾತೆ ಲಾಕ್ ಆಗಿದ್ದರೂ 49, ಅವಧಿ ಮುಗಿದಿದ್ದರೂ 49. ಇದು ಬೇಕೆಂದೇ ಮಾಡಿದ್ದು: ಖಾತೆ ಲಾಕ್ ಆಗಿದೆ ಎಂದು ಹೇಳಿದರೆ ದಾಳಿಕೋರನಿಗೆ ಅಂಥ ಖಾತೆ ಇದೆ ಎಂದಾದರೂ ತಿಳಿಯುತ್ತದೆ. ಓಪನ್‌ಎಲ್‌ಡ್ಯಾಪ್‌ನಲ್ಲಿ ಲಾಕ್ ಆದದ್ದನ್ನು ಬಿಡಿಸಿ ಹೇಳುವ ಸೌಲಭ್ಯವಿದ್ದರೂ ಅದು ಮೊದಲಿಗೆ ಬಂದ್ ಆಗಿರುತ್ತದೆ. ಆಕ್ಟಿವ್ ಡೈರೆಕ್ಟರಿ ಮಾತ್ರ 49ರ ಪಕ್ಕದಲ್ಲಿ ಒಂದು ಉಪಸಂಕೇತ ಇಡುತ್ತದೆ: 52ಇ ಎಂದರೆ ತಪ್ಪು ಪಾಸ್‌ವರ್ಡ್, 532 ಎಂದರೆ ಅವಧಿ ಮುಗಿದಿದೆ, 533 ಎಂದರೆ ಖಾತೆ ನಿಷ್ಕ್ರಿಯ, 773 ಎಂದರೆ ಬದಲಾಯಿಸಲೇಬೇಕು, 775 ಎಂದರೆ ಲಾಕ್. ಲಾಗ್ ಓದುವವರಿಗೆ ಈ ಐದು ಸಂಖ್ಯೆಗಳು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದ ಸರ್ವರ್‌ಗಳಲ್ಲಿ ಕಾರಣ ತಿಳಿಯಬೇಕಾದರೆ ಆ ಗುಪ್ತ ದಾಖಲೆಯನ್ನು ತೆರೆದು ನೋಡಬೇಕು. ಸಾಮಾನ್ಯ ಹುಡುಕಾಟದಲ್ಲಿ ಅದು ಕಾಣಿಸುವುದಿಲ್ಲ. ಹುಡುಕಾಟದ ಕೊನೆಗೆ ಪ್ಲಸ್ ಚಿಹ್ನೆ ಸೇರಿಸಿ ಕೇಳಿದರೆ ಮಾತ್ರ ಬರುತ್ತದೆ. ಬಂದಾಗ ಸಮಯವೆಲ್ಲ ಗ್ರೀನಿಚ್ ಲೆಕ್ಕದಲ್ಲಿ, ವರ್ಷದಿಂದ ಸೆಕೆಂಡಿನವರೆಗೆ ಹದಿನಾಲ್ಕು ಅಂಕಿ, ಕೊನೆಗೆ ಝಡ್. ಬೆಂಗಳೂರಿನಲ್ಲಿ ಕೂತವರು ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಬೆಳಗಿನ 09:10ಕ್ಕೆ ಖಾತೆ ಲಾಕ್ ಆಯಿತೆಂದು ನೌಕರರು ದೂರಿದರೆ ದಾಖಲೆಯಲ್ಲಿ ಇರುವುದು 03:40. ಲಾಕ್ ಆದ ಸಮಯದ ಜಾಗದಲ್ಲಿ ವರ್ಷವೇ ಸೊನ್ನೆ ಇದ್ದರೆ ಅದು ಅಡ್ಮಿನ್ ಬಿಡಿಸುವವರೆಗೆ ತೆರೆಯದ ಶಾಶ್ವತ ಲಾಕ್. ತಪ್ಪು ಪ್ರಯತ್ನಗಳ ಸಮಯಗಳು ನಿಖರವಾಗಿ ಸಮಾನ ಅಂತರದಲ್ಲಿದ್ದರೆ ಅದು ಮನುಷ್ಯರ ಬೆರಳಲ್ಲ. ಪಾಸ್‌ವರ್ಡ್ ಬದಲಿಸಿದ ಮೇಲೆ ಹಳೆಯದನ್ನೇ ಹಿಡಿದುಕೊಂಡು ಇಮೇಲ್ ಕೇಳುತ್ತಿರುವ ಮೊಬೈಲ್ ಫೋನೋ, ರಾತ್ರಿ ಓಡುವ ಯಾವುದೋ ಸ್ಕ್ರಿಪ್ಟೋ ಇರುತ್ತದೆ. ಅಂಥ ಖಾತೆಯನ್ನು ಎಷ್ಟು ಸಲ ಬಿಡಿಸಿದರೂ ಮತ್ತೆ ಲಾಕ್ ಆಗುತ್ತದೆ. ಸಂಪರ್ಕ ಬಂದ ಐಪಿ ವಿಳಾಸವನ್ನು ಲಾಗಿನಲ್ಲಿ ಹುಡುಕಿ ಆ ಯಂತ್ರವನ್ನು ಸರಿಪಡಿಸುವುದೇ ಪರಿಹಾರ.

ಇದಕ್ಕಿಂತ ದಾರಿತಪ್ಪಿಸುವ ಸಂಕೇತ 50, ಅಂದರೆ ಹಕ್ಕು ಸಾಲದು. ಪಾಸ್‌ವರ್ಡ್ ಮರೆತವರಿಗೆ ಅಡ್ಮಿನ್ ಹೊಸದನ್ನು ಹಾಕಿಕೊಟ್ಟು, ಮೊದಲ ಲಾಗಿನ್‌ನಲ್ಲೇ ಬದಲಿಸಬೇಕು ಎಂಬ ನಿಯಮ ಜಾರಿಯಲ್ಲಿದ್ದರೆ, ಓಪನ್‌ಎಲ್‌ಡ್ಯಾಪ್ ಬೈಂಡನ್ನು ಒಪ್ಪುತ್ತದೆ, ಆದರೆ ಪಾಸ್‌ವರ್ಡ್ ಬದಲಿಸುವುದೊಂದನ್ನು ಬಿಟ್ಟು ಮಿಕ್ಕ ಕೆಲಸಕ್ಕೆಲ್ಲ 50 ಎಂದು ತಳ್ಳಿಹಾಕುತ್ತದೆ. ಕಾರಣವನ್ನು ಅದು ಹೇಳುವುದು ಕಂಟ್ರೋಲ್ ಮೂಲಕ. ಅಪ್ಲಿಕೇಶನ್‌ಗೆ ಆ ಕಂಟ್ರೋಲ್ ಓದಲು ಬರದಿದ್ದರೆ ಕಾಣುವುದು ಬರಿಯ 50. ಆಗ ಅಡ್ಮಿನ್ ಪ್ರವೇಶ ನಿಯಮಗಳ ಪಟ್ಟಿಯನ್ನು ಸಾಲುಸಾಲಾಗಿ ಶೋಧಿಸುತ್ತ ಕೂರುತ್ತಾರೆ, ತಪ್ಪು ಅಲ್ಲಿ ಇರುವುದೇ ಇಲ್ಲ. ಅವಧಿ ಮುಗಿದ ಮೇಲೂ ಕೆಲವು ಸಲ ಒಳಬಿಡುವ ರಿಯಾಯಿತಿ ಬೈಂಡ್‌ಗಳ ಕಥೆಯೂ ಹೀಗೇ. ಮೂರು ರಿಯಾಯಿತಿ ಇವೆ ಎಂದುಕೊಂಡರೆ, ಪುಟ ತೆರೆದಾಗಲೆಲ್ಲ ಹೊಸದಾಗಿ ಬೈಂಡ್ ಮಾಡುವ ವೆಬ್‌ಮೇಲ್ ಒಂದು ಅವನ್ನು ಬಳಕೆದಾರರಿಗೆ ಸುಳಿವೂ ಸಿಗದಂತೆ ಕ್ಷಣದಲ್ಲಿ ಮುಗಿಸಿಬಿಡುತ್ತದೆ.

ನೀತಿ ಹಾಕಿದ್ದರೂ ಅದು ತಾಗದಿರುವುದು ಇನ್ನೊಂದು ಬಗೆಯ ತೊಡಕು. ಪಿಪಾಲಿಸಿ ಹಾಕುವ ಮೊದಲೇ ಇಟ್ಟ ಪಾಸ್‌ವರ್ಡ್‌ಗಳಿಗೆ ಬದಲಾದ ಸಮಯದ ದಾಖಲೆ ಇರುವುದಿಲ್ಲ. ದಾಖಲೆ ಇಲ್ಲದ ಪಾಸ್‌ವರ್ಡ್ ಎಂದಿಗೂ ಅವಧಿ ಮುಗಿಸುವುದಿಲ್ಲ ಎಂದು ಕರಡೇ ಹೇಳುತ್ತದೆ. ಹಾಗಾಗಿ ಅತ್ಯಂತ ಹಳೆಯ, ಅತ್ಯಂತ ಅಪಾಯದ ಖಾತೆಗಳೇ ನೀತಿಯಿಂದ ತಪ್ಪಿಸಿಕೊಳ್ಳುತ್ತವೆ. ಸರ್ವರ್‌ನ ಮೂಲ ಅಡ್ಮಿನ್ ಖಾತೆಯಿಂದ ಪಾಸ್‌ವರ್ಡ್ ಹಾಕಿದರೆ ಉದ್ದ, ಇತಿಹಾಸ ಯಾವುದರ ತಪಾಸಣೆಯೂ ಆಗದು, ಏಕೆಂದರೆ ಆ ಖಾತೆ ನಿಯಮಗಳಿಗೆ ಹೊರತು. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಅದೇ ಖಾತೆಯಿಂದ ಪರೀಕ್ಷಿಸಿ, ನೀತಿ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಕ್ಲೈಂಟ್ ಮೊದಲೇ ಹ್ಯಾಷ್ ಮಾಡಿ ಕಳಿಸಿದ ಪಾಸ್‌ವರ್ಡಿನ ಗುಣಮಟ್ಟವನ್ನು ಸರ್ವರ್ ಅಳೆಯಲಾರದು. 2001ರ ಆರ್‌ಎಫ್‌ಸಿ 3062 ಪಾಸ್‌ವರ್ಡ್ ಬದಲಿಸಲೆಂದೇ ಪ್ರತ್ಯೇಕ ಕ್ರಿಯೆಯೊಂದನ್ನು ಕೊಟ್ಟಿದೆ. ಗುಪ್ತ ಸಂಪರ್ಕದಲ್ಲಿ ಮೂಲ ಪಾಸ್‌ವರ್ಡನ್ನೇ ಕಳಿಸಿ, ಹ್ಯಾಷ್ ಮಾಡುವ ಹೊಣೆಯನ್ನು ಸರ್ವರ್‌ಗೆ ಬಿಡುವುದು ಅದರ ಕ್ರಮ. ಇದನ್ನೇ ಬಳಸುವುದು ಸರಿಯಾದ ದಾರಿ.

ಹಿಂದೆ ಹೇಳಿದ ಶ್ಯಾಡೋ ಅಟ್ರಿಬ್ಯೂಟ್‌ಗಳು ಇಲ್ಲಿ ಮತ್ತೆ ಎದುರಾಗುತ್ತವೆ. ಎನ್‌ಐಎಸ್‌ನಿಂದ ಡೈರೆಕ್ಟರಿಗೆ ಬಂದ ಸಂಸ್ಥೆಗಳಲ್ಲಿ ಒಂದೇ ನಮೂದಿನಲ್ಲಿ ಎರಡು ಅವಧಿ ಲೆಕ್ಕ ಇರುತ್ತದೆ: ದಿನಗಳಲ್ಲಿ ಎಣಿಸುವ, ಕ್ಲೈಂಟ್ ಜಾರಿಮಾಡುವ ಹಳೆಯದು, ಸೆಕೆಂಡುಗಳಲ್ಲಿ ಎಣಿಸುವ, ಸರ್ವರ್ ಜಾರಿಮಾಡುವ ಹೊಸದು. ಲಿನಕ್ಸ್ ಯಂತ್ರ ಅವಧಿ ಮುಗಿಯಿತು ಎನ್ನುತ್ತದೆ, ಇಮೇಲ್ ಮಾತ್ರ ಅದೇ ಪಾಸ್‌ವರ್ಡನ್ನು ಒಪ್ಪುತ್ತದೆ. ಎರಡರಲ್ಲಿ ಒಂದನ್ನು ತೆಗೆದುಹಾಕದೆ ಈ ಗೊಂದಲ ಬಗೆಹರಿಯದು.

ಸರ್ವರ್‌ಗಳು ಹಲವಾದಾಗ ಲಾಕ್ ಲೆಕ್ಕ ಇನ್ನಷ್ಟು ಕೆಡುತ್ತದೆ. ಓದಲಷ್ಟೇ ಇರುವ ಪ್ರತಿಸರ್ವರ್‌ಗಳು ತಪ್ಪು ಪ್ರಯತ್ನಗಳನ್ನು ತಮ್ಮಲ್ಲೇ ಬರೆದುಕೊಂಡರೆ, ಐದು ತಪ್ಪಿಗೆ ಲಾಕ್ ಎಂಬ ನಿಯಮ ನಾಲ್ಕು ಸರ್ವರ್‌ಗಳಿರುವಲ್ಲಿ ಇಪ್ಪತ್ತು ಪ್ರಯತ್ನಗಳಿಗೆ ಅವಕಾಶ ಕೊಡುತ್ತದೆ. ಬಳಕೆದಾರರಿಗೆ ಒಂದು ಸರ್ವರ್‌ನಲ್ಲಿ ಲಾಕ್, ಇನ್ನೊಂದರಲ್ಲಿ ಪ್ರವೇಶ. ಮೂಲ ಸರ್ವರ್‌ಗೆ ಈ ಲೆಕ್ಕವನ್ನು ತಲುಪಿಸುವ ಸೌಲಭ್ಯ ಓಪನ್‌ಎಲ್‌ಡ್ಯಾಪ್‌ನಲ್ಲೂ 389ರಲ್ಲೂ ಇದೆ, ಆದರೆ ಅದನ್ನು ಅಡ್ಮಿನ್ ಕೈಯಾರೆ ಚಾಲೂ ಮಾಡಬೇಕು. ಚಾಲೂ ಮಾಡಿದರೆ ಪ್ರತಿ ತಪ್ಪು ಬೈಂಡೂ ಎಲ್ಲ ಸರ್ವರ್‌ಗಳಲ್ಲಿ ಬರೆಯುವ ಕೆಲಸವಾಗುತ್ತದೆ. ಲಾಕ್ ಎಂಬ ಉಪಾಯಕ್ಕೇ ಇನ್ನೊಂದು ಕೊರತೆಯಿದೆ: ಬೇರೆಯವರ ಹೆಸರಿನಲ್ಲಿ ಬೇಕೆಂದೇ ತಪ್ಪು ಒತ್ತಿ ಅವರನ್ನು ಹೊರಗಿಡಬಹುದು. 2009ರ ಕರಡು ಇದಕ್ಕೆಂದೇ ಪ್ರತಿ ತಪ್ಪಿಗೂ ಕಾಯುವ ಹೊತ್ತನ್ನು ಹೆಚ್ಚಿಸುತ್ತ ಹೋಗುವ ಮಾರ್ಗ ಸೂಚಿಸಿತು. ಓಪನ್‌ಎಲ್‌ಡ್ಯಾಪ್ ಅದನ್ನು ಅಳವಡಿಸಿಕೊಂಡದ್ದು 2021ರ 2.5 ಆವೃತ್ತಿಯಲ್ಲಿ.

ಈ ನಡುವೆ ನಿಯಮಗಳ ತಳಹದಿಯೇ ಅಲುಗಾಡಿತ್ತು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕಿದ್ದ ತಮ್ಮದೇ ವಿಶ್ವವಿದ್ಯಾಲಯದ ಹಳೆಯ ಖಾತೆಗಳನ್ನು ಅಭ್ಯಸಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ನೂರಕ್ಕೆ 17 ಖಾತೆಗಳಲ್ಲಿ ಮುಂದಿನದನ್ನು ಐದು ಊಹೆಗಳೊಳಗೇ ಹಿಡಿಯಬಹುದಿತ್ತು. ಜನ ಕೊನೆಯ ಅಂಕಿಯನ್ನು ಒಂದು ಏರಿಸುತ್ತಿದ್ದರು, ಒಂದು ಅಕ್ಷರದ ಜಾಗದಲ್ಲಿ ಚಿಹ್ನೆ ಇಡುತ್ತಿದ್ದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2004ರ ತನ್ನ ಮಾರ್ಗಸೂಚಿಯಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆಗಳ ಬೆರಕೆಗೆ ಒತ್ತು ಕೊಟ್ಟಿತ್ತು. ಅದೇ ಸಂಸ್ಥೆ 2017ರಲ್ಲಿ ಕಾಲಕಾಲಕ್ಕೆ ಬದಲಿಸುವ ಒತ್ತಾಯವೂ ಬೇಡ, ಬೆರಕೆಯ ನಿಯಮವೂ ಬೇಡ; ಉದ್ದವಿರಲಿ, ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯೊಡನೆ ಹೋಲಿಸಿ ನೋಡಿ ಎಂದು ದಾರಿ ಬದಲಿಸಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಸುರಕ್ಷತಾ ಶಿಫಾರಸಿನಿಂದ ಅವಧಿ ನಿಯಮವನ್ನು ಕೈಬಿಟ್ಟಿತು. ಇದು ತಡವಾಗಿ ಬಂದರೂ ಸರಿಯಾದ ತೀರ್ಮಾನ. ಆದರೆ ಡೈರೆಕ್ಟರಿಗಳಲ್ಲಿ ಹಿಂದೆ ಬರೆದಿಟ್ಟ ಅಂಕಿಗಳು ತಾವಾಗಿ ಅಳಿಯುವುದಿಲ್ಲ. ಆಕ್ಟಿವ್ ಡೈರೆಕ್ಟರಿಯ ಮೂಲ 42 ದಿನವನ್ನು ಹಾಗೆಯೇ ಬಿಟ್ಟುಕೊಂಡಿರುವ ಡೊಮೇನ್‌ಗಳಲ್ಲಿ ಅದು ಇಂದಿಗೂ ನಡೆಯುತ್ತದೆ.

ಕನ್ನಡಕ್ಕೂ ಈ ಚರಿತ್ರೆಯಲ್ಲಿ ಒಂದು ಎಳೆ ಇದೆ. ಮೂರನೇ ಆವೃತ್ತಿಯ ಎಲ್‌ಡ್ಯಾಪ್ ಯೂನಿಕೋಡ್‌ನ ಯುಟಿಎಫ್-8 ರೂಪವನ್ನು ಒಪ್ಪಿದ್ದರಿಂದ ಡೈರೆಕ್ಟರಿಯಲ್ಲಿ ಹೆಸರನ್ನು ಕನ್ನಡದಲ್ಲಿ ಬರೆಯಬಹುದು, ಪಾಸ್‌ವರ್ಡನ್ನೂ ಇಡಬಹುದು. ಆದರೆ ‘ಕೊ’ ಅಕ್ಷರದ ಒ ಕಾರದಂಥ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಷ್‌ಗೆ ಬೇರೆಬೇರೆ. ಒತ್ತಕ್ಷರವನ್ನು ಬಿಡಿಸಲು ಬಳಸುವ ಕಾಣದ ಸಂಕೇತವನ್ನು ಒಂದು ಕೀಬೋರ್ಡ್ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. 2005ರ ಆರ್‌ಎಫ್‌ಸಿ 4013 ವಿವರಿಸಿದ ಸಾಸ್ಲ್‌ಪ್ರೆಪ್ ಕ್ರಮ ಇಂಥ ಭೇದಗಳನ್ನು ಅಳಿಸಿ ಒಂದೇ ರೂಪಕ್ಕೆ ತರುತ್ತದೆ, ಕಾಣದ ಸಂಕೇತಗಳನ್ನು ತೆಗೆದುಹಾಕುತ್ತದೆ. ಪಾಸ್‌ವರ್ಡ್ ಕಳಿಸುವ ಮೊದಲು ಕ್ಲೈಂಟ್ ಇದನ್ನು ಮಾಡಬೇಕೆಂಬುದು ಆರ್‌ಎಫ್‌ಸಿ 4513ರ ಸಲಹೆ. ಮಾಡದ ಕ್ಲೈಂಟ್‌ಗಳಿರುವಲ್ಲಿ ಸರಿಯಾದ ಕನ್ನಡ ಪಾಸ್‌ವರ್ಡಿಗೂ 49ನೇ ಉತ್ತರ ಬರಬಹುದು. ಉದ್ದವನ್ನು ಬೈಟ್‌ಗಳಲ್ಲಿ ಎಣಿಸುವ ಸರ್ವರ್‌ನಲ್ಲಿ ಇನ್ನೊಂದು ಲೋಪ: ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಆದ್ದರಿಂದ, ಕನಿಷ್ಠ ಎಂಟು ಎಂಬ ನಿಯಮವನ್ನು ಮೂರೇ ಸಂಕೇತಗಳ ಪದವೂ ದಾಟುತ್ತದೆ.

ಹ್ಯಾಷ್‌ಗಳ ಮಟ್ಟಿಗೆ ಬದಲಾವಣೆ ನಿಧಾನವಾಗಿಯೇ ನಡೆದಿದೆ. ಓಪನ್‌ಎಲ್‌ಡ್ಯಾಪ್ ದೀರ್ಘಕಾಲ ನೆಚ್ಚಿಕೊಂಡದ್ದು ಸಾಲ್ಟ್ ಬೆರೆಸಿದ ಶಾ-1. ವೇಗವಾಗಿ ಲೆಕ್ಕಹಾಕಬಹುದಾದ ಈ ಹ್ಯಾಷ್ ಇಂದಿನ ಗ್ರಾಫಿಕ್ಸ್ ಚಿಪ್‌ಗಳ ಮುಂದೆ ನಿಲ್ಲದು. 2.5 ಆವೃತ್ತಿಯಲ್ಲಿ ಆರ್ಗಾನ್2 ಎಂಬ ನಿಧಾನಗತಿಯ ಹ್ಯಾಷ್ ಸೇರಿಸಿಕೊಳ್ಳುವ ಮಾಡ್ಯೂಲ್ ಬಂದಿದೆ, 389 ಸರ್ವರ್ ಪಿಬಿಕೆಡಿಎಫ್2 ಎಂಬ ಅಂಥದ್ದೇ ವಿಧಾನ ಬಳಸುತ್ತದೆ. ಹ್ಯಾಷ್‌ನಿಂದ ಮೂಲ ಪಾಸ್‌ವರ್ಡ್ ಮರಳಿ ಪಡೆಯಲಾಗದ ಕಾರಣ ಹಳೆಯ ಖಾತೆಗಳನ್ನು ಒಂದೇ ಸಲಕ್ಕೆ ಹೊಸ ವಿಧಾನಕ್ಕೆ ವರ್ಗಾಯಿಸಲು ಬಾರದು. ಬಳಕೆದಾರರು ಪಾಸ್‌ವರ್ಡ್ ಬದಲಿಸುವಾಗ, ಅಥವಾ ಸರ್ವರ್‌ನಲ್ಲಿ ಅಂಥ ಸೌಲಭ್ಯವಿದ್ದರೆ ಅವರು ಬೈಂಡ್ ಮಾಡಿದಾಗ, ಒಂದೊಂದಾಗಿ ಮಾಡಬೇಕು. ಅದೇ 2.5ರಲ್ಲಿ ಪಾಸ್‌ವರ್ಡ್ ನೀತಿಯ ಸ್ಕೀಮಾ, ಅಂದರೆ ಅದರ ಅಟ್ರಿಬ್ಯೂಟ್‌ಗಳ ವ್ಯಾಖ್ಯೆಗಳ ಪಟ್ಟಿ, ಪಿಪಾಲಿಸಿಯೊಳಗೇ ಸೇರಿಹೋಯಿತು. ಹಿಂದಿನ ಆವೃತ್ತಿಯಿಂದ ಬರುವವರು ತಮ್ಮ ಸಂರಚನೆಯಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದ ಹಳೆಯ ಸ್ಕೀಮಾವನ್ನು ಮೊದಲೇ ತೆಗೆಯದಿದ್ದರೆ, ಒಂದೇ ವ್ಯಾಖ್ಯೆ ಎರಡು ಸಲ ಬಂದಿತೆಂದು ಸರ್ವರ್ ಏಳಲು ನಿರಾಕರಿಸುತ್ತದೆ. ಈ ಆವೃತ್ತಿಯ ಪಿಪಾಲಿಸಿ ಬೆಹೆರಾ ಕರಡಿನ ಹತ್ತನೇ ಆವೃತ್ತಿಯನ್ನು ಅನುಸರಿಸುತ್ತದೆ. ಅದರ ಜತೆಗೆ, ಬೇಕೆನ್ನುವವರಿಗೆ, ನೆಟ್‌ಸ್ಕೇಪ್ ಕಾಲದ ಆ ಎರಡು ಕಂಟ್ರೋಲ್‌ಗಳನ್ನೂ ಕಳಿಸುತ್ತದೆ.